ಮೂಳೆ ಕೂಡಿದ ಮೇಲೆ ನಡಿಗೆ ಕಲಿತದ್ದು

ಬಿದ್ದು ಸೊಂಟ ಮುರಿದುಕೊಂಡ ನನ್ನನ್ನು ನೋಡೋಕೆ ಬಂದವರೆಲ್ಲ ಕೇಳುತ್ತಿದ್ದದ್ದು ಆಪರೇಷನ್ ಬಗ್ಗೆ. ಎಷ್ಟು ಹೊತ್ತು ಆಯ್ತು, ರಾಡ್ ಹಾಕಿದ್ರಾ, ಪ್ಲೇಟ್ ಹಾಕಿದ್ರಾ, ಖರ್ಚು ಎಷ್ಟು ಬಂತು. ಹೊರಡುವಾಗ ಎಲ್ಲರದ್ದೂ ಒಂದೇ ಮಾತು: "ಮೂರು ತಿಂಗಳು ಅಲ್ಲಾಡದೆ ಮಲಗಿಬಿಡಿ ಟೀಚರ್, ಎಲ್ಲ ಸರಿ ಹೋಗ್ತದೆ." ಪ್ರೀತಿಯಿಂದಲೇ ಹೇಳಿದ್ದು. ಆದರೆ ಅದರ ಹಾಗೆ ನಡೆದುಕೊಂಡಿದ್ದರೆ ನಾನು ಇವತ್ತಿಗೂ ಹಾಸಿಗೆಯಲ್ಲೇ ಇರುತ್ತಿದ್ದೆ. ಆಪರೇಷನ್ ಒಂದೆರಡು ಗಂಟೆಯ ಕೆಲಸ, ಅದನ್ನು ಡಾಕ್ಟರು ಮಾಡುತ್ತಾರೆ. ಆಮೇಲಿನದ್ದು ತಿಂಗಳುಗಟ್ಟಲೆ ಕೆಲಸ, ಅದನ್ನು ಬಿದ್ದವರೇ ಮಾಡಬೇಕು. ನಮ್ಮ ಕಡೆ ಈ ಎರಡನೆಯ ಕೆಲಸದ ಬಗ್ಗೆ ಮಾತಾಡುವವರೇ ಕಮ್ಮಿ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ ಮನೆ. ನನಗೆ 66 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಹೋದ ವರ್ಷ ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿತ್ತು. ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟುತ್ತದೆ ಅಂತ ನಾವು ಓಡಾಡುವ ದಾರಿಗೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಹಾಸುತ್ತೇವೆ. ಕೊಟ್ಟಿಗೆಯಿಂದ ಬರುವಾಗ ಆ ದಬ್ಬೆಯೇ ಜಾರಿತು. ಎಡ ಸೊಂಟದ ಮೇಲೆ ಬಿದ್ದೆ. ಏಳೋಣ ಅಂದರೆ ಕಾಲು ಬರಲೇ ಇಲ್ಲ. ನೋಡಿದರೆ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿತ್ತು, ಪಾದ ಹೊರಗಡೆಗೆ ತಿರುಗಿಕೊಂಡಿತ್ತು. ಸೊಂಟದ ಹತ್ತಿರ ತೊಡೆಮೂಳೆ ಮುರಿದಾಗ ಸಾಮಾನ್ಯವಾಗಿ ಹೀಗೇ ಕಾಣುತ್ತದಂತೆ. ಹಲಗೆಯ ಮೇಲೆ ಮಲಗಿಸಿ ಹೊತ್ತುಕೊಂಡು ಹೋಗಿ, ಶಿವಮೊಗ್ಗದ ಒಂದು ಆಸ್ಪತ್ರೆಗೆ ಸೇರಿಸಿದರು.

"ಸೊಂಟ ಮುರೀತು" ಅಂತ ನಾವು ಒಂದೇ ಮಾತಲ್ಲಿ ಹೇಳುತ್ತೇವೆ. ಆದರೆ ಎಲ್ಲಿ ಮುರಿದಿದೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ. ತೊಡೆಮೂಳೆಯ ತಲೆ ಗುಂಡಗಿರುತ್ತದೆ, ಅದರ ಕೆಳಗೆ ಕತ್ತು. ಕತ್ತಿನಲ್ಲಿ ಮುರಿದರೆ ತಲೆಗೆ ಹೋಗುವ ರಕ್ತ ನಿಂತುಹೋಗುವ ಭಯ ಇರುತ್ತದೆ. ಹಾಗಾಗಿ ವಯಸ್ಸಾದವರಿಗೆ ಹೆಚ್ಚಾಗಿ ಆ ತಲೆಯನ್ನೇ ತೆಗೆದು ಲೋಹದ್ದು ಹಾಕುತ್ತಾರೆ. ಕತ್ತಿಗಿಂತ ಕೆಳಗೆ ಮುರಿದರೆ ರಕ್ತಕ್ಕೆ ತೊಂದರೆ ಇಲ್ಲ, ಮೂಳೆ ಕೂಡುತ್ತದೆ. ಕೂಡುವವರೆಗೆ ಗಟ್ಟಿಯಾಗಿ ಹಿಡಿದಿಟ್ಟರೆ ಸಾಕು. ನನ್ನದು ಎರಡನೆಯದು. ಗುದ್ದಲಿಗೆ ಕಾವು ತೂರಿಸಿದ ಹಾಗೆ ಮೂಳೆಯ ಟೊಳ್ಳಿನೊಳಗೆ ರಾಡ್ ತೂರಿಸಿ, ಮೇಲೆ ಅಡ್ಡಕ್ಕೆ ಸ್ಕ್ರೂ ಹಾಕಿದರು. ಈ ವಿಷಯ ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಪಕ್ಕದ ಮನೆಯವರಿಗೆ ಹೇಳಿಕೊಟ್ಟ ವ್ಯಾಯಾಮ ನಿಮಗೆ ಆಗದೇ ಇರಬಹುದು. ಕೀಲು ಬದಲಿಸಿಕೊಂಡವರು ತಗ್ಗು ಪೀಠದ ಮೇಲೆ ಕೂರೋದು, ಕಾಲ ಮೇಲೆ ಕಾಲು ಹಾಕೋದು ಮಾಡಿದರೆ ಕೀಲೇ ತಪ್ಪುವ ಅಪಾಯ ಇದೆ. ಡಾಕ್ಟರನ್ನು ಮೊದಲು ಕೇಳಬೇಕಾದ್ದು ಇದು: ಎಲ್ಲಿ ಮುರಿದಿದೆ, ಏನು ಹಾಕಿದ್ದೀರಿ, ಕಾಲಿನ ಮೇಲೆ ಎಷ್ಟು ಭಾರ ಬಿಡಬಹುದು?

ಆಪರೇಷನ್ ಆದ ಮರುದಿನ ಬೆಳಿಗ್ಗೆ ಫಿಸಿಯೋಥೆರಪಿ, ಅಂದರೆ ವ್ಯಾಯಾಮ ಮಾಡಿಸಿ ಓಡಾಡಿಸೋ ಕೆಲಸದ ಒಬ್ಬಳು ಹುಡುಗಿ ಬಂದಳು. ನನ್ನ ಕೊನೆಯ ಬ್ಯಾಚಿನ ಮಕ್ಕಳ ವಯಸ್ಸಿರಬಹುದು. ಕೈಯಲ್ಲಿ ವಾಕರ್. "ಅಮ್ಮಾ, ಎದ್ದು ಕೂತ್ಕೊಳೋಣ್ವಾ?" ಅಂದಳು. ನನ್ನ ಸೊಸೆಗೆ ಗಾಬರಿ. "ನಿನ್ನೆ ತಾನೇ ಆಪರೇಷನ್ ಆಗಿದೆ ಮೇಡಂ, ಇವತ್ತೇ ಏಳಿಸ್ತೀರಾ?" ಹುಡುಗಿ ನಗುತ್ತಲೇ ಹೇಳಿದಳು, "ಇವತ್ತೇ ಏಳಿಸ್ಬೇಕು ಅಕ್ಕಾ. ಮೂಳೆ ಹಿಡ್ಕೊಳ್ಳೋಕೆ ಒಳಗೆ ರಾಡ್ ಇದೆ. ಶ್ವಾಸಕೋಶ ಹಿಡ್ಕೊಳ್ಳೋಕೆ ಏನೂ ಇಲ್ಲ."

ಅವಳು ಹೇಳಿದ್ದು ಅಕ್ಷರಶಃ ನಿಜ. ವಯಸ್ಸಾದವರು ಮಲಗೇ ಇದ್ದರೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಹಾಕಿಕೊಳ್ಳಬಹುದು. ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣು ಬೀಳುತ್ತದೆ. ಹೊಕ್ಕುಳ ಪಕ್ಕ ಚುಚ್ಚುತ್ತಿದ್ದ ಸಣ್ಣ ಸೂಜಿ ರಕ್ತ ಹೆಪ್ಪುಗಟ್ಟದಿರಲಿ ಅಂತ. ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಸಿರೆಳೆದು ಚೆಂಡು ಮೇಲಕ್ಕೆತ್ತೋದು ಎದೆಗೆ ಅಂತ. ಇನ್ನು ಸ್ನಾಯು. ಬೆಂಗಳೂರಲ್ಲಿರುವ ಮಗ ಒಂದು ಅಧ್ಯಯನ ಹುಡುಕಿ ಓದಿ ಹೇಳಿದ. ಅಮೆರಿಕದ್ದು, 2007ರಲ್ಲಿ ಪ್ರಕಟವಾದದ್ದು. ಯಾವ ಕಾಯಿಲೆಯೂ ಇಲ್ಲದ, ನನ್ನ ಆಸುಪಾಸಿನ ವಯಸ್ಸಿನವರನ್ನು 10 ದಿನ ಹಾಸಿಗೆಯಲ್ಲಿ ಮಲಗಿಸಿದರಂತೆ. ಅಷ್ಟಕ್ಕೇ ಕಾಲುಗಳಿಂದ ಸುಮಾರು 1 ಕೆ.ಜಿ.ಯಷ್ಟು ಸ್ನಾಯು ಕರಗಿಹೋಗಿತ್ತು. ಗಟ್ಟಿಮುಟ್ಟಾಗಿದ್ದವರ ಕಥೆ ಅದು. ಮೂಳೆ ಮುರಿದುಕೊಂಡವರು ಮೂರು ತಿಂಗಳು ಮಲಗಿದರೆ ಏನು ಉಳಿಯುತ್ತದೆ, ನೀವೇ ಯೋಚಿಸಿ.

ಆವತ್ತು ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತಾಗ ಕಣ್ಣು ಕತ್ತಲೆ ಬಂತು. ಸ್ವಲ್ಪ ಹೊತ್ತು ಹಾಗೇ ಕೂರಿಸಿ, ಬಿ.ಪಿ. ನೋಡಿ, ಆಮೇಲೆ ವಾಕರ್ ಹಿಡಿಸಿ ನಿಲ್ಲಿಸಿದಳು. ನೋವು ಇತ್ತು. ಆದರೆ ನನಗೆ ನೋವಿಗಿಂತ ದಿಗಿಲಾದದ್ದು ಬೇರೆ ವಿಷಯಕ್ಕೆ. ಮತ್ತೆ ಮಲಗಿದ ಮೇಲೆ ಅವಳು "ಕಾಲು ನೆಟ್ಟಗಿಟ್ಟು ಮೇಲಕ್ಕೆತ್ತಿ ನೋಡೋಣ" ಅಂದಳು. ಎತ್ತಬೇಕು ಅಂತ ಮನಸ್ಸು ಮಾಡಿದೆ. ಹಲ್ಲು ಕಚ್ಚಿದೆ, ಬೆವರಿದೆ. ಹಿಮ್ಮಡಿ ಹಾಸಿಗೆಯಿಂದ ಒಂದು ನೂಲಿನಷ್ಟೂ ಏಳಲಿಲ್ಲ. ನನ್ನ ಕಾಲೇ ನನ್ನ ಮಾತು ಕೇಳುತ್ತಿಲ್ಲವಲ್ಲ ಅಂತ ಅಳು ಬಂತು. "ಇದು ಎಲ್ಲರಿಗೂ ಹೀಗೇ ಅಮ್ಮಾ, ಬರುತ್ತೆ" ಅಂತ ಹೇಳಿ, ಸದ್ಯಕ್ಕೆ ಎತ್ತೋದು ಬೇಡ, ಒತ್ತೋದು ಕಲಿಸ್ತೀನಿ ಅಂದಳು.

ಅಲ್ಲಿಂದ ಶುರು. ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು, ಅದನ್ನು ಮಂಡಿಯಿಂದ ಹಾಸಿಗೆಗೆ ಒತ್ತೋದು. 5 ಎಣಿಸುವವರೆಗೆ ಹಿಡಿದು ಬಿಡೋದು. ಪಾದ ಮೇಲೆ ಕೆಳಗೆ ಆಡಿಸೋದು. ಕುಂಡೆಯ ಸ್ನಾಯು ಬಿಗಿ ಹಿಡಿದು ಬಿಡೋದು. ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸಿ ಮಂಡಿ ಮಡಚೋದು. ನೋಡಿದವರಿಗೆ ಇದೆಲ್ಲ ವ್ಯಾಯಾಮ ಅಂತಲೇ ಅನ್ನಿಸುವುದಿಲ್ಲ. ಮಾಡಿದವರಿಗೆ ಗೊತ್ತು. ಮನೆಗೆ ಬಂದ ಮೇಲೆ ಹಿಮ್ಮಡಿ ಬೆಡ್‌ಶೀಟಿಗೆ ಸಿಕ್ಕಿಕೊಂಡು ಜಾರುತ್ತಲೇ ಇರಲಿಲ್ಲ. ನಮ್ಮನೆಯವರು ಒಂದು ಅಡಿಕೆ ಹಾಳೆ ತಂದು, ನುಣುಪಾದ ಮೈ ಮೇಲೆ ಮಾಡಿ ಹಿಮ್ಮಡಿ ಕೆಳಗಿಟ್ಟರು. ಕಾಲು ಸಲೀಸಾಗಿ ಹೋಗಿ ಬಂತು. ಆಮೇಲೆ ಆ ಹಾಳೆ ಮಂಚದ ಪಕ್ಕದಲ್ಲೇ ಇತ್ತು.

ಆಸ್ಪತ್ರೆಯಿಂದ ಬಿಡುವಾಗ ದಪ್ಪ ಫೈಲು ಕೊಟ್ಟರು. ಔಷಧಿಯ ಪಟ್ಟಿ ಒಂದು ಪುಟ. ಕೊನೆಗೆ ಒಂದು ಸಾಲು: ಫಿಸಿಯೋಥೆರಪಿ ಮುಂದುವರಿಸುವುದು. ಯಾರ ಹತ್ತಿರ, ವಾರಕ್ಕೆ ಎಷ್ಟು ಸಲ, ಎಲ್ಲಿಯವರೆಗೆ, ಒಂದೂ ಇಲ್ಲ. ವಿಮೆಯವರೂ ಆಪರೇಷನ್ನಿಗೆ ದುಡ್ಡು ಕೊಟ್ಟರು, ಮನೆಗೆ ಬಂದು ಕಲಿಸುವವರಿಗೆ ಕೊಡಲಿಲ್ಲ. ಇದು ನನಗೆ ಈಗಲೂ ಸರಿ ಕಾಣುವುದಿಲ್ಲ. ರಾಡ್ ಹಾಕಿಸಿಕೊಂಡವರು ನಡೆಯದೇ ಹೋದರೆ ಆ ರಾಡ್ ಹಾಕಿ ಪ್ರಯೋಜನ ಏನು? ನಮ್ಮ ಪುಣ್ಯಕ್ಕೆ ಪೇಟೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕಿದರು. ಮಧ್ಯವಯಸ್ಸಿನ ಹೆಂಗಸು, ಮಾತು ಕಮ್ಮಿ. ಮೊದಮೊದಲು ವಾರಕ್ಕೆರಡು ಸಲ ಮನೆಗೆ ಬರುತ್ತಿದ್ದರು.

ಅವರು ಬಂದವರೇ ನನ್ನ ಕಾಲು ನೋಡಲಿಲ್ಲ, ಮನೆ ನೋಡಿದರು. ನಮ್ಮದು ಹಳೇ ಕಾಲದ ಮನೆ, ಹೊಸ್ತಿಲು ಎತ್ತರ. ವಾಕರ್ ಅದನ್ನು ದಾಟುವುದಿಲ್ಲ. ಬಡಗಿಯನ್ನು ಕರೆಸಿ ಎರಡೂ ಕಡೆ ಇಳಿಜಾರು ಹಲಗೆ ಮಾಡಿಸಿದೆವು. ಮಂಚ ತಗ್ಗಿತ್ತು, ಕೂತರೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತಿತ್ತು. ಅಂಥ ಕಡೆಯಿಂದ ಎದ್ದು ನಿಲ್ಲೋದು ಬಹಳ ಕಷ್ಟ. ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು ಎತ್ತರ ಮಾಡಿದೆವು. ನೆಲದ ಮೇಲಿದ್ದ ಚಾಪೆ, ಕಾಲೊರಸು ಎಲ್ಲ ಎತ್ತಿಟ್ಟರು. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯೂ ಉರಿಯುವ ಸಣ್ಣ ದೀಪ, ಗೋಡೆಗೆ ಹಿಡಿ, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ. ಕುಕ್ಕರಗಾಲಲ್ಲಿ ಕೂರೋ ಕಕ್ಕಸಿನ ಮೇಲೆ ಕಮೋಡ್ ಕುರ್ಚಿ. ಇದಿಷ್ಟಕ್ಕೆ ಆದ ಖರ್ಚು ಆಸ್ಪತ್ರೆ ಬಿಲ್ಲಿನ ಮುಂದೆ ಏನೂ ಅಲ್ಲ.

ಆಮೇಲೆ ಮನೆಯವರನ್ನೆಲ್ಲ ಕೂರಿಸಿ ಒಂದು ಮಾತು ಹೇಳಿದರು: "ಅಮ್ಮ ಕೇಳೋವರೆಗೂ ಏನನ್ನೂ ತಂದು ಕೊಡಬೇಡಿ." ನಮ್ಮನೆಯವರ ಮುಖ ಸಣ್ಣದಾಯಿತು. ನಾನು ಬಿದ್ದಾಗಿನಿಂದ ಅವರು ನನ್ನ ಪಕ್ಕ ಬಿಟ್ಟು ಕದಲಿರಲಿಲ್ಲ. ನೀರು ಬೇಕು ಅನ್ನೋ ಮೊದಲೇ ಚೊಂಬು ಬರುತ್ತಿತ್ತು. ಸೊಸೆಯೂ ಹಾಗೇ. "ಅತ್ತೆ, ನೀವು ಸುಮ್ನೆ ಕೂತ್ಕೊಳಿ, ನಾನು ಮಾಡ್ತೀನಿ." ಬಿದ್ದವರ ಮನೆಯಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದೇ ಇರಬೇಕು. ಆದರೆ ಒಂದು ಲೋಟ ನೀರಿಗೆ ಎದ್ದು ಹೋಗೋದರಲ್ಲಿ ಎಲ್ಲ ವ್ಯಾಯಾಮವೂ ಇದೆ: ಕುರ್ಚಿಯಿಂದ ಏಳೋದು, ನಿಲ್ಲೋದು, ನಡೆಯೋದು, ತಿರುಗೋದು, ಮತ್ತೆ ಕೂರೋದು. ಅದನ್ನು ದಿನಕ್ಕೆ ಹತ್ತು ಸಲ ಬೇರೆಯವರು ಮಾಡಿಕೊಟ್ಟರೆ, ಹತ್ತು ಸಲದ ಅಭ್ಯಾಸ ಹೋಯಿತು ಅಂತ ಲೆಕ್ಕ. ಅಡುಗೆಮನೆ ಕಟ್ಟೆಯ ಮುಂದೆ ನಿಂತು ಹುರುಳಿಕಾಯಿ ಮುರಿಯೋ ಕೆಲಸ ನನಗೆ ಬಂತು. ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಲ್ಲಬೇಕು ಅಂತ ಷರತ್ತು. ಗೊತ್ತೇ ಆಗದ ಹಾಗೆ ದೇಹ ಒಳ್ಳೆ ಕಾಲಿನ ಕಡೆ ವಾಲುತ್ತದೆ. ಫಿಸಿಯೋದವರು ಎರಡು ತೂಕದ ಯಂತ್ರ ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನಿಲ್ಲಿಸಿ ತೋರಿಸಿದರು. ಸಮ ನಿಂತಿದ್ದೇನೆ ಅಂದುಕೊಂಡಿದ್ದೆ. ಎಡಗಡೆ ಮುಳ್ಳು ಬಲಗಡೆಯ ಅರ್ಧಕ್ಕೂ ಬಂದಿರಲಿಲ್ಲ.

ಗಣೇಶನ ಹಬ್ಬದ ಹೊತ್ತಿಗೆ ವಾಕರ್ ಹಿಡಿದು ಮನೆಯಿಡೀ ಓಡಾಡುತ್ತಿದ್ದೆ. ದಸರಾ ಕಳೆದ ಮೇಲೆ ಎಕ್ಸ್‌ರೇ ತೆಗೆಸಿದರೆ ಮೂಳೆ ಚೆನ್ನಾಗಿ ಕೂಡಿತ್ತು. ಎಲ್ಲರೂ ಇನ್ನೇನು ಮುಗೀತು ಅಂದರು. ಆದರೆ ಕುಂಟು ಹೋಗಿರಲಿಲ್ಲ. ಎಡಗಾಲ ಮೇಲೆ ನಿಂತು ಬಲಗಾಲು ಎತ್ತಿದರೆ ಸೊಂಟದ ಬಲಭಾಗ ಕುಸಿಯುತ್ತಿತ್ತು. ಸೊಂಟದ ಹೊರಮೈಯಲ್ಲಿ ಬೀಸಣಿಗೆಯಾಕಾರದ ಒಂದು ಸ್ನಾಯು ಇದೆಯಂತೆ, ಒಂಟಿ ಕಾಲಲ್ಲಿ ನಿಂತಾಗ ಸೊಂಟವನ್ನು ಮಟ್ಟವಾಗಿ ಹಿಡಿಯೋದು ಅದೇ. ಅದು ಸೋತರೆ ಈ ಕುಂಟು. 1895ರಲ್ಲೇ ಟ್ರೆಂಡೆಲೆನ್‌ಬರ್ಗ್ ಅನ್ನೋ ಜರ್ಮನ್ ಶಸ್ತ್ರವೈದ್ಯರು ಇದನ್ನು ವಿವರಿಸಿದ್ದರು, ಇವತ್ತಿಗೂ ಆ ಪರೀಕ್ಷೆಗೆ ಅವರದೇ ಹೆಸರು. ಮೂಳೆ ಕೂಡಿದ ಮಾತ್ರಕ್ಕೆ ಈ ಸ್ನಾಯುವಿಗೆ ಶಕ್ತಿ ಬರುವುದಿಲ್ಲ. ಬಲ ಮಗ್ಗುಲಿಗೆ ಮಲಗಿ ಎಡಗಾಲನ್ನು ಮೇಲಕ್ಕೆತ್ತಬೇಕು, ನಿಂತು ಪಕ್ಕಕ್ಕೆ ಚಾಚಬೇಕು, ಕಟ್ಟೆ ಹಿಡಿದು ಅಡ್ಡಡ್ಡ ನಡೆಯಬೇಕು. ಬೇಸರ ಬರುವ ಕೆಲಸ. ಕೂಡಿದ ಮೂಳೆಯ ಎಕ್ಸ್‌ರೇ ನೋಡಿ ಬಹಳ ಜನ ನಿಲ್ಲಿಸಿಬಿಡೋದು ಇಲ್ಲೇ, ಜೀವನಪೂರ್ತಿ ಕುಂಟುತ್ತಾ ಉಳಿಯೋದೂ ಇದರಿಂದಲೇ ಅಂತ ಫಿಸಿಯೋದವರು ಹೇಳಿದರು.

ವಾಕರ್ ಬಿಟ್ಟು ಕೋಲಿಗೆ ಬಂದಾಗ ಊರಿನವರ ತಿದ್ದುಪಡಿ ಶುರುವಾಯಿತು. "ಪೆಟ್ಟಾದ ಕಡೆ ಅಲ್ವಾ ಕೋಲು ಹಿಡಿಯೋದು?" ಅಂತ ದೇವಸ್ಥಾನದಲ್ಲಿ ಎಷ್ಟು ಜನ ಹೇಳಿದರೋ. ಅಲ್ಲ. ಎಡಗಾಲು ಸೋತಿದ್ದರೆ ಕೋಲು ಬಲಗೈಯಲ್ಲಿ ಇರಬೇಕು. ಎಡಗಾಲು ಮುಂದಿಡುವಾಗ ಕೋಲೂ ಜೊತೆಗೇ ಮುಂದೆ ಹೋಗುತ್ತದೆ, ಕುಸಿಯಬೇಕಾದ ಬಲಭಾಗವನ್ನು ಕೈ ಎತ್ತಿ ಹಿಡಿಯುತ್ತದೆ, ಸೋತ ಸ್ನಾಯುವಿಗೆ ಹೊರೆ ಇಳಿಯುತ್ತದೆ. ಕೋಲು ನೇರ ಹಿಡಿದು ನಿಂತಾಗ ಅದರ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು. ತುದಿಗೆ ರಬ್ಬರ್ ಬೂಟು ಇರಲೇಬೇಕು, ಸವೆದರೆ ಬದಲಿಸಬೇಕು. ಮೆಟ್ಟಿಲಿಗೆ ಇನ್ನೊಂದು ಪಾಠ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಹೀಗೆ ಮಾಡಿದರೆ ಮೈ ಎತ್ತೋ ಕೆಲಸವೂ ಇಳಿಸೋ ಕೆಲಸವೂ ಒಳ್ಳೆ ಕಾಲಿಗೇ ಬೀಳುತ್ತದೆ.

ಸುಧಾರಿಸುತ್ತಿದ್ದೇನಾ ಅಂತ ತಿಳಿಯೋಕೆ ಫಿಸಿಯೋದವರು ಒಂದು ಅಳತೆ ಇಟ್ಟರು. ಜಗಲಿಯಲ್ಲಿ ಕುರ್ಚಿ, ಅಲ್ಲಿಂದ 3 ಮೀಟರ್ ದೂರಕ್ಕೆ ಸೀಮೆಸುಣ್ಣದ ಗೆರೆ. ಕುರ್ಚಿಯಿಂದ ಎದ್ದು, ಗೆರೆವರೆಗೆ ನಡೆದು, ತಿರುಗಿ ಬಂದು ಕೂರಬೇಕು. 1991ರಲ್ಲಿ ಕೆನಡಾದ ಇಬ್ಬರು ಬಳಕೆಗೆ ತಂದ ಪರೀಕ್ಷೆ ಅದು. 12 ಸೆಕೆಂಡು ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಮೊದಲ ಸಲ ನನಗೆ ಅರ್ಧ ನಿಮಿಷಕ್ಕೂ ಜಾಸ್ತಿ ಬೇಕಾಯಿತು. ನಮ್ಮನೆಯವರು ಗಡಿಯಾರ ಹಿಡಿದು ಕೂರುತ್ತಿದ್ದರು. ಚೊಂಬು ಹಿಡಿದು ನಿಲ್ಲುತ್ತಿದ್ದವರಿಗೆ ಈ ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು. ಪ್ರತಿ ಭಾನುವಾರ ಕ್ಯಾಲೆಂಡರಿನ ಮೇಲೆ ಬರೆದಿಡುತ್ತಿದ್ದರು. ಅಂಕಿ ಇಳಿಯೋದನ್ನು ಇಬ್ಬರೂ ಕಾದು ನೋಡುತ್ತಿದ್ದೆವು.

ನೋವು ಹೋದರೂ ಹೋಗದೇ ಉಳಿದದ್ದು ಭಯ. ಬಾಗಿಲು ತೆರೆದು ಒದ್ದೆ ಅಂಗಳ ನೋಡಿದರೆ ಸಾಕು, ಮೈ ಬಿಗಿಯಾಗುತ್ತಿತ್ತು. ಬಿಗಿಯಾದ ಮೈ ಬೀಳೋದು ಇನ್ನೂ ಬೇಗ. ಭಯ ಅಂತ ಮನೆಯೊಳಗೇ ಕೂತರೆ ಕಾಲಿನ ಶಕ್ತಿ ಕುಗ್ಗುತ್ತದೆ, ಆಗ ನಿಜವಾಗಿಯೂ ಬೀಳುತ್ತೇವೆ. "ಧೈರ್ಯ ತಗೊಳಿ" ಅಂತ ಎಲ್ಲರೂ ಹೇಳುತ್ತಾರೆ. ಧೈರ್ಯ ಹಾಗೆ ಬರೋದಿಲ್ಲ. ನನಗೆ ಅದು ಬಂದದ್ದು ಸಮತೋಲನದ ಅಭ್ಯಾಸದಿಂದ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ವಯಸ್ಸಾದವರಿಗೆ ಅಂತಲೇ ರೂಪಿಸಿದ ಅಭ್ಯಾಸಗಳಿವೆ, ಮನೆಯಲ್ಲೇ ಮಾಡುವಂಥವು. ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ ನಿಲ್ಲೋದು, ಹಾಗೇ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆಯೋದು, ಹಿಂದಕ್ಕೆ ನಡೆಯೋದು, ತುದಿಗಾಲಲ್ಲಿ ನಿಲ್ಲೋದು, ಕೈ ಊರದೆ ಕುರ್ಚಿಯಿಂದ ಏಳೋದು. ಮೊದಲು ಕಟ್ಟೆ ಹಿಡಿದು ಎರಡೂ ಕೈಯಲ್ಲಿ, ಆಮೇಲೆ ಒಂದು ಕೈಯಲ್ಲಿ, ಆಮೇಲೆ ಬೆರಳು ತಾಗಿಸಿ. ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಹೋದೆ. ಜನಜಂಗುಳಿಯಲ್ಲಿ ಯಾರೋ ಭುಜಕ್ಕೆ ತಾಗಿದರು. ತೂರಾಡಿದೆ, ಕಾಲು ತಾನಾಗೇ ಪಕ್ಕಕ್ಕೆ ಹೋಗಿ ಊರಿಕೊಂಡಿತು, ನಿಂತೆ. ಸೊಸೆ ಕೈ ಹಿಡಿಯೋಕೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತು ನನಗಾದ ಸಂತೋಷ ಹೇಳತೀರದು.

ಮೂಳೆಯ ವಿಷಯ ಒಂದು ಹೇಳಬೇಕು. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ತೊಡೆಮೂಳೆ ಮುರಿದರೆ ಮೂಳೆಯೇ ಟೊಳ್ಳಾಗಿದೆ ಅಂತ ಅನುಮಾನ ಪಡಬೇಕು. ಆಸ್ಪತ್ರೆಯಲ್ಲಿ ನನಗೆ ಇದನ್ನು ಯಾರೂ ಹೇಳಲಿಲ್ಲ. ಫಿಸಿಯೋದವರೇ ಒತ್ತಾಯ ಮಾಡಿ, ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಟಿ-ಸ್ಕೋರ್ ಅಂತ ಒಂದು ಅಂಕಿ ಬರುತ್ತದೆ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ನನ್ನದು ಕೆಳಗೇ ಇತ್ತು. ವಿಟಮಿನ್ ಡಿ ಕೂಡ ಕಮ್ಮಿ. ಅದಕ್ಕೆ ಔಷಧಿ ಕೊಟ್ಟು ಸರಿಮಾಡಿ, ಹಲ್ಲು ತೋರಿಸಿಕೊಂಡು ಬನ್ನಿ ಅಂದು, ಆಮೇಲೆ ಮೂಳೆ ಸವೆಯದಂತೆ ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೋನಿಕ್ ಆಸಿಡ್ ಡ್ರಿಪ್ ಹಾಕಿದರು. ಮನೆಯಲ್ಲಿ ರಾಗಿ ಗಂಜಿ ಖಾಯಂ ಆಯಿತು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ನಮ್ಮ ಕಡೆ ಅಕ್ಕಿಯದ್ದೇ ರೂಢಿ, ಆದರೂ ಒಗ್ಗಿತು. ಮುರಿದದ್ದನ್ನು ಜೋಡಿಸಿ, ಮುರಿಯೋಕೆ ಕಾರಣವಾದದ್ದನ್ನು ಹಾಗೇ ಬಿಟ್ಟು ಕಳಿಸೋದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಒಂದು ಕಡೆ ಮುರಿದವರಿಗೆ ಇನ್ನೊಂದು ಕಡೆ ಮುರಿಯೋ ಅಪಾಯ ಬೇರೆಯವರಿಗಿಂತ ಜಾಸ್ತಿ.

ಈಗ ಕೋಲಿಲ್ಲದೆ ನಡೆಯುತ್ತೇನೆ. ದೂರ ಹೋದರೆ, ಒದ್ದೆ ನೆಲ ಇದ್ದರೆ ಹಿಡಿಯುತ್ತೇನೆ. ಅಂಗಳಕ್ಕೆ ದಬ್ಬೆ ಬಿಟ್ಟು ಒರಟು ಸಿಮೆಂಟಿನ ದಾರಿ ಮಾಡಿಸಿದ್ದೇವೆ. ಚಕ್ಕಳಮಕ್ಕಳ ಹಾಕಿ ಕೂರೋದು ಡಾಕ್ಟರು ಒಪ್ಪಿದ ಮೇಲೆ ನಿಧಾನಕ್ಕೆ ಬಂತು, ಎಡ ಮಂಡಿ ಮಾತ್ರ ಪೂರ್ತಿ ಇಳಿಯೋದಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ಹಲಸಿನಕಾಯಿ ಹೆಚ್ಚೋದು ಇನ್ನೂ ಆಗಿಲ್ಲ.

ಕೊನೆಗೆ ಕಲಿತದ್ದು ನೆಲದಿಂದ ಏಳೋದು. ಫಿಸಿಯೋದವರು ಇದನ್ನು ಬೇಕಂತಲೇ ಕೊನೆಗಿಟ್ಟಿದ್ದರು. "ಬೀಳಬಾರದು ಅಂತ ಇಷ್ಟೆಲ್ಲ ಮಾಡಿದ್ದೀವಿ. ಆದ್ರೂ ಬಿದ್ರೆ ಏಳೋಕೆ ಬರಬೇಕಲ್ವಾ ಅಮ್ಮಾ?" ಮೊದಲು ಸುಮ್ಮನೆ ಮಲಗಿ ಉಸಿರು ತಗೋಬೇಕು. ಎಲ್ಲಾದರೂ ಜೋರು ನೋವಿದೆಯಾ, ಕೈಕಾಲು ಆಡುತ್ತಾ ನೋಡಬೇಕು. ಆಡದಿದ್ದರೆ, ಸೊಂಟ ಹಿಡಿದರೆ ಏಳೋಕೆ ಹೋಗದೆ ಕೂಗಬೇಕು. ಸರಿಯಿದ್ದರೆ ಮಗ್ಗುಲಿಗೆ ಹೊರಳಬೇಕು, ಮೊಣಕೈ ಊರಿ ಏಳಬೇಕು, ಅಂಬೆಗಾಲಿಗೆ ಬರಬೇಕು. ಹಾಗೇ ಗಟ್ಟಿ ಕುರ್ಚಿಯವರೆಗೆ ಹೋಗಿ ಎರಡೂ ಕೈ ಪೀಠದ ಮೇಲಿಡಬೇಕು. ಒಳ್ಳೆ ಕಾಲಿನ ಪಾದ ನೆಲಕ್ಕೆ ಊರಿ, ಕೈಯಿಂದ ಒತ್ತಿ ಮೈ ಎತ್ತಿ, ತಿರುಗಿ ಕುರ್ಚಿಯ ಮೇಲೆ ಕೂರಬೇಕು. ಕೂತ ಮೇಲೆ ತಕ್ಷಣ ನಿಲ್ಲಬಾರದು. ಚಾಪೆ ಹಾಸಿ ಇದನ್ನು ಅಭ್ಯಾಸ ಮಾಡಿಸಿದರು. ಮೊದಲ ಸಲ ನೆಲಕ್ಕೆ ಇಳಿಯುವಾಗಲೇ ಕೈ ನಡುಗಿತು, ಅವರು ಪಕ್ಕದಲ್ಲೇ ಮಂಡಿಯೂರಿ ಕೂತಿದ್ದರು.

ಈಗ ಜಗಲಿಯಲ್ಲಿ ಚಾಪೆ ಹಾಸಿ ಆಗಾಗ ಮಾಡುತ್ತೇನೆ. ನಮ್ಮನೆಯವರಿಗೆ 71. ಅವರಿಗೂ ಕಲಿಸಿದ್ದೇನೆ. ಪಕ್ಕದ ಮನೆಯ ಅಕ್ಕ ಬರುವ ವಾರದಿಂದ ತಾನೂ ಬರುತ್ತೇನೆ ಅಂದಿದ್ದಾರೆ.